ಮುದ್ದೆ ಮುರಿಯುವ ಮುನ್ನ

ರಾಯದುರ್ಗದ ನಮ್ಮ ಬಾಡಿಗೆ ಮನೆಯಲ್ಲಿ ಎಲ್ಲಕ್ಕೂ ನೀಲಿ ಹತ್ತುತ್ತಿತ್ತು. ಗೋಡೆಯ ಸುಣ್ಣಕ್ಕೆ ಸೊಂಟದೆತ್ತರದವರೆಗೆ ನೀಲಿ, ಬಾಗಿಲ ಚಿಲಕಕ್ಕೆ ನೀಲಿ, ದಿಂಬಿಗೆ ನೀಲಿ. ಸೀನಿದರೆ ಮೂಗಿನಿಂದ ಬರುವುದೂ ನೀಲಿಯೇ. ಅಮ್ಮ ಎಷ್ಟು ಉಜ್ಜಿ ಕೈ ತೊಳೆದರೂ ಹಬ್ಬದ ದಿನದ ಬಿಳಿ ಅನ್ನದ ಮೇಲೆ ಅವಳ ಬೆರಳಿನ ಗುರುತು ಕಾಣುತ್ತಿತ್ತು. ಇದ್ದದ್ದು ಒಂದು ಕೋಣೆ, ಅದಕ್ಕೆ ಅಂಟಿಕೊಂಡಂತೆ ಒಂದು ಅಡುಗೆಮನೆ. ಕೋಣೆಯಲ್ಲಿ ಮೂರು ಮಿಷನ್. ಎರಡು ಹೊಲಿಯುವವು, ಒಂದು ಬಟ್ಟೆಯ ಅಂಚು ಕಟ್ಟುವ ಓವರ್‌ಲಾಕಿನದು. ಮಿಕ್ಕ ಜಾಗದಲ್ಲೆಲ್ಲ ಜೀನ್ಸ್ ಪ್ಯಾಂಟಿನ ಬಂಡಲ್‌ಗಳು. ಕತ್ತರಿಸಿ ಕಟ್ಟಿದ ತುಂಡುಗಳು ಬೆಳಿಗ್ಗೆ ಬರುತ್ತಿದ್ದವು, ಪ್ಯಾಂಟುಗಳಾಗಿ ಸಂಜೆ ಹೋಗುತ್ತಿದ್ದವು. ನಾವು ಅವುಗಳ ನಡುವೆ ಸಂದು ಮಾಡಿಕೊಂಡು ಉಣ್ಣುತ್ತಿದ್ದೆವು, ಮಲಗುತ್ತಿದ್ದೆವು, ಜಗಳವಾಡುತ್ತಿದ್ದೆವು. ನನ್ನ ತಂಗಿ ಲಚ್ಚಿಯ ತೊಟ್ಟಿಲು, ಅಂದರೆ ಅಮ್ಮನ ಹಳೆಯ ಸೀರೆ, ಓವರ್‌ಲಾಕ್ ಮಿಷನ್ನಿನ ಪಕ್ಕದಲ್ಲೇ ತೊಲೆಯಿಂದ ಇಳಿಬಿದ್ದಿತ್ತು. ಮಿಷನ್ ಓಡುವಾಗ ನೆಮ್ಮದಿಯಾಗಿ ಮಲಗಿರುತ್ತಿದ್ದ ಕೂಸು ಅದು ನಿಂತ ಕೂಡಲೇ ಎದ್ದು ಅಳುತ್ತಿತ್ತು.

ಅಪ್ಪ ಮಡಕಶಿರದ ಪೇಟೆಯಲ್ಲಿ ದರ್ಜಿಯಾಗಿದ್ದವನು. ಸಂತೆಗೆ ಬಂದವರ ಅಂಗಿ, ಮದುವೆ ಗಂಡುಗಳ ಪ್ಯಾಂಟು ಹೊಲಿದು ತಕ್ಕಮಟ್ಟಿಗೆ ಹೆಸರು ಮಾಡಿದ್ದ. ಆಮೇಲೆ ಅದೇ ಸಂತೆಯಲ್ಲಿ ರೆಡಿಮೇಡ್ ಪ್ಯಾಂಟುಗಳನ್ನು ರಾಶಿ ಹಾಕಿ ಮಾರತೊಡಗಿದರು. ಅಳತೆ ಕೊಡಲು ಬರುವವರು ಕಮ್ಮಿಯಾದರು, ಹರಿದದ್ದಕ್ಕೆ ಹೊಲಿಗೆ ಹಾಕಿಸಿಕೊಳ್ಳಲು ಬರುವವರು ಮಾತ್ರ ಉಳಿದರು. ಆ ಪ್ಯಾಂಟುಗಳೆಲ್ಲ ರಾಯದುರ್ಗದಿಂದ ಬರುತ್ತವೆ ಎಂದು ಯಾರೋ ಹೇಳಿದರು. ತನ್ನ ಹೊಟ್ಟೆಯ ಮೇಲೆ ಹೊಡೆದ ಪ್ಯಾಂಟನ್ನೇ ಹೊಲಿಯಲು ಅಪ್ಪ ಹೆಂಡತಿಯನ್ನೂ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದ. ಲಚ್ಚಿ ಹುಟ್ಟಿದ್ದು ಇಲ್ಲಿಗೆ ಬಂದಮೇಲೆ. ಈಗ ಲೆಕ್ಕ ಹಾಕಿದರೆ ಅಪ್ಪ ಅಮ್ಮ ಆಗ ಎಷ್ಟು ಚಿಕ್ಕವರು ಎಂದು ಬೆರಗಾಗುತ್ತದೆ. ಅಮ್ಮನಿಗೆ ಮೂವತ್ತೂ ತುಂಬಿರಲಿಲ್ಲ. ಇಬ್ಬರೂ ಬೆಳಗಿನಿಂದ ಬೆನ್ನು ಬಗ್ಗಿಸಿ ಕೂತರೆ ಏಳುತ್ತಿದ್ದದ್ದು ಉಣ್ಣುವುದಕ್ಕೆ, ಇಲ್ಲ ಸೂಜಿ ಮುರಿದಾಗ.

ಸೂಜಿ ಮುರಿಯುವುದು ನಮ್ಮ ಮನೆಯಲ್ಲಿ ಒಂದು ಘಟನೆ. ಜೀನ್ಸ್ ಬಟ್ಟೆ ದಪ್ಪ, ನಾಲ್ಕು ಹೊಲಿಗೆ ಕೂಡುವ ಜಾಗದಲ್ಲಂತೂ ಹಲಗೆಯಷ್ಟು ಗಟ್ಟಿ. ಅಲ್ಲಿ ಅವಸರ ಮಾಡಿದರೆ ಸೂಜಿ ಟಣ್ ಎಂದು ಮುರಿದು ಚೆದುರುತ್ತಿತ್ತು. ತುಂಡು ಪ್ಯಾಂಟಿನೊಳಗೆ ಉಳಿದು ಹಾಕಿಕೊಂಡವನಿಗೆ ಚುಚ್ಚಿದರೆ ಇಡೀ ಮಾಲು ವಾಪಸು. ಅದಕ್ಕೇ ಕೆಲಸ ಕೊಡುವ ಮೇಸ್ತ್ರಿ ಒಂದು ಕಟ್ಟು ಮಾಡಿದ್ದ: ಮುರಿದ ಸೂಜಿಯ ಎಲ್ಲ ತುಂಡನ್ನೂ ಜೋಡಿಸಿ ತೋರಿಸಬೇಕು, ಆಮೇಲೇ ಹೊಸ ಸೂಜಿ. ತಲೆ, ನಡು, ಮೊನೆ ಎಂದು ಸಾಮಾನ್ಯವಾಗಿ ಮೂರು ತುಂಡು. ಬೇರೆ ಮನೆಗಳಲ್ಲಿ ಈ ಕಟ್ಟು ಎಷ್ಟು ನಡೆಯುತ್ತಿತ್ತೋ ಗೊತ್ತಿಲ್ಲ. ಅಮ್ಮ ಅದನ್ನು ವ್ರತದ ಹಾಗೆ ಹಿಡಿದಿದ್ದಳು. ಮನೆಯಲ್ಲಿ ಕೂಸಿದೆ ಎಂಬುದು ಅವಳ ಭಯ. ತುಂಡು ಹುಡುಕುವ ಕೆಲಸ ನನ್ನದು. ಒಡೆದ ಸ್ಪೀಕರ್‌ನಿಂದ ಬಿಚ್ಚಿದ ಸೂಜಿಗಲ್ಲೊಂದನ್ನು ಅಪ್ಪ ದಾರಕ್ಕೆ ಕಟ್ಟಿ ಕೊಟ್ಟಿದ್ದ. ಮಿಷನ್ನಿನ ಕಾಲಿನಡಿ, ಬಂಡಲ್ ಸಂದಿನಲ್ಲಿ ಅದನ್ನು ಎಳೆದಾಡಿ ಮೂರು ತುಂಡನ್ನೂ ಹಿಡಿದು, ಕಾಗದದ ಮೇಲೆ ಸೂಜಿಯ ಆಕಾರಕ್ಕೆ ಜೋಡಿಸಿ, ಮೇಲೆ ಟೇಪು ಹಚ್ಚಿ ಅಮ್ಮನಿಗೆ ತೋರಿಸಬೇಕು. ಬಂದು ಹೋದವರ ಮುಂದೆಲ್ಲ ಅಮ್ಮ ಇದನ್ನು ಹೇಳಿಕೊಳ್ಳುತ್ತಿದ್ದಳು. ಹತ್ತು ವರ್ಷದ ನನಗೆ ಜಂಬ ಬಾರದೆ ಇದ್ದೀತೇ? ಶಾಲೆಯಲ್ಲಿ ಮಗ್ಗಿ ತಪ್ಪುತ್ತಿದ್ದ ನಾನು ಮನೆಯಲ್ಲಿ ದೊಡ್ಡ ಅಧಿಕಾರಿ.

ವರ್ಷಕ್ಕೊಂದು ದಿನ ಆ ಬೀದಿಯ ಮಿಷನ್‌ಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚುತ್ತಿದ್ದವು. ಯುಗಾದಿಯ ಹಿಂದಿನ ಅಮಾವಾಸ್ಯೆ, ಹಳೇ ವರ್ಷದ ಕಡೇ ದಿನ. ಅಂದು ಅಮ್ಮ ನಡೆಸುತ್ತಿದ್ದ ಪದ್ಧತಿಯೊಂದಿತ್ತು. ಮಡಕಶಿರದ ಹತ್ತಿರದ ಅವಳ ತವರಿನಲ್ಲಿ ರಾಗಿ ಕಣ ಮುಗಿದ ದಿನ ಮನೆಯವರೆಲ್ಲ ಒಟ್ಟಿಗೆ ಕೂತು, ಆ ವರ್ಷ ತಮಗೆ ಯಾರು ಯಾರು ನೆರವಾದರು ಎಂದು ಒಬ್ಬೊಬ್ಬರಾಗಿ ಹೆಸರು ಹೇಳಿ ಆಮೇಲೆ ಮುದ್ದೆ ಮುರಿಯುವುದಂತೆ. ರಾಯದುರ್ಗದಲ್ಲಿ ನಮಗೆ ಎಲ್ಲಿಯ ಕಣ, ಎಲ್ಲಿಯ ರಾಗಿ? ಅಮ್ಮ ಅದನ್ನು ಈ ಅಮಾವಾಸ್ಯೆಯ ಮಧ್ಯಾಹ್ನಕ್ಕೆ ತಂದು ಕಟ್ಟಿದ್ದಳು. ಮುದ್ದೆ, ಹುರುಳಿಕಾಳಿನ ಸಾರು ಬಡಿಸಿಕೊಂಡು ಸುತ್ತ ಕೂರುತ್ತಿದ್ದೆವು. ಹೆಸರು ಹೇಳದೆ ತಟ್ಟೆಗೆ ಕೈ ಹಾಕುವಂತಿರಲಿಲ್ಲ.

"ಯಾರ ದೆಸೆಯಿಂದ ಉಂಡಿದ್ದು ಅಂತ ಹೇಳ್ದಲೆ ಉಂಡ್ರೆ ಅದು ಕದ್ದು ಉಂಡಂಗೆ," ಎನ್ನುತ್ತಿದ್ದಳು ಅಮ್ಮ.

ಹೀಗೆ ನೆನೆದವರ ಮನೆಗೆ, ಹತ್ತಿರದವರಾದರೆ, ಮರುದಿನ ಬೇವುಬೆಲ್ಲ ಕೊಟ್ಟು ಬರಬೇಕು. ಅಪ್ಪ ಒಂದು ವರ್ಷ ಮಿಷನ್ನಿನ ಮೋಟಾರನ್ನು ನೆನೆದು ಅಮ್ಮನಿಂದ ಬೈಸಿಕೊಂಡ. ನಾನು ಒಮ್ಮೆ ಇಲಿ ಹಿಡಿದ ಬೆಕ್ಕನ್ನು ನೆನೆದಿದ್ದೆ. ಅಮ್ಮ ಇಲ್ಲಿಗೆ ಬಂದ ಮೇಲಿನ ಎರಡು ವರ್ಷವೂ ತಪ್ಪದೆ ನೆನೆದ ಹೆಸರು ಒಂದೇ, ಪಕ್ಕದ ಮನೆಯ ಗೌರಮ್ಮನದು. ನಮಗೂ ಅವಳಿಗೂ ನಡುವೆ ಒಂದು ಗೋಡೆ. ಗಂಡ ಇಲ್ಲದ ಹೆಂಗಸು. ಬೀದಿಯ ಹೆಂಗಸರಿಗೆ ಕುಬುಸ, ಲಂಗ ಹೊಲಿದುಕೊಟ್ಟು ಜೀವನ. ಕಾಲಲ್ಲಿ ತುಳಿಯುವ ಹಳೇ ಮಿಷನ್ ಅವಳದು. ಲಚ್ಚಿ ಹುಟ್ಟಿದಾಗ ಬಾಣಂತನ ಮಾಡಿದವಳು ಅವಳೇ. ಅಮ್ಮನಿಗೆ ಕೆಲಸ ಹೆಚ್ಚಾದ ದಿನ ಕೂಸನ್ನು ಎತ್ತಿಕೊಂಡು ಹೋಗಿ ತನ್ನ ಪಡಸಾಲೆಯಲ್ಲಿ ಬಿಟ್ಟುಕೊಳ್ಳುತ್ತಿದ್ದಳು. ನಾನು ಅವಳನ್ನು ಆ ಊರಿನವರ ಹಾಗೆ ದೊಡ್ಡವ್ವ ಎನ್ನುತ್ತಿದ್ದೆ.

ದೀಪಾವಳಿಯ ಮಾಲು ಕೊಡುವ ಅವಸರದ ಒಂದು ಸಂಜೆ ಅಪ್ಪನ ಮಿಷನ್ನಿನ ಸೂಜಿ ಮುರಿಯಿತು. ತಲೆ ಮಿಷನ್ನಿನಲ್ಲೇ ಕಚ್ಚಿಕೊಂಡಿತ್ತು, ನಡು ಬಟ್ಟೆಯ ಮೇಲೇ ಸಿಕ್ಕಿತು. ಮೊನೆ ಇಲ್ಲ. ನಾನು ಸೂಜಿಗಲ್ಲು ಹಿಡಿದು ಮಿಷನ್ನಿನ ಕೆಳಗೆಲ್ಲ ಎಳೆದೆ. ಬಂಡಲ್ ಸರಿಸಿ ಎಳೆದೆ. ಕೈಯಲ್ಲಿ ಪ್ಯಾಂಟು ಹಿಡಿದು ಅಪ್ಪ ಸುಮ್ಮನೆ ಕೂತಿದ್ದ, ಅವನ ಕಾಲು ಮಾತ್ರ ಪೆಡಲಿನ ಮೇಲೆ ತಟ್ಟುತ್ತಿತ್ತು. ಆಗ ಗೋಡೆಯಾಚೆಯಿಂದ ಒಗ್ಗರಣೆಯ ವಾಸನೆ ಬಂತು. ದೊಡ್ಡವ್ವ ಮಂಡಕ್ಕಿ ಒಗ್ಗರಣಿ ಮಾಡಿದರೆ ಮೆಣಸಿನಕಾಯಿ ಬಜ್ಜಿಯನ್ನೂ ಕರಿಯುತ್ತಿದ್ದಳು. ಬಾಗಿಲಿಗೆ ಬಂದು ಕೂಗಿದಳು.

"ಮಂಜೀ, ಬಿಸಿ ಅದಾವ, ಲಗೂನ ಬಾರವ್ವ. ಆಮ್ಯಾಲೆ ಮೆತ್ತಗಾಗ್ತಾವ."

ನಾನು ಸೂಜಿಗಲ್ಲನ್ನು ಬೀದಿಯಲ್ಲೂ ಎಳೆದಾಡಿ ಆಡುತ್ತಿದ್ದವಳು. ಆ ಬೀದಿಯ ಮಣ್ಣಿನಲ್ಲಿ ಮುರಿದ ಸೂಜಿಗಳಿಗೇನು ಬರ? ಸಿಕ್ಕ ಮೊನೆಗಳನ್ನು ಒಂದು ಮುಚ್ಚಳದಲ್ಲಿ ಕೂಡಿಸಿಟ್ಟಿದ್ದೆ. ಅದರಿಂದ ಒಂದನ್ನು ಆರಿಸಿ ಕಾಗದದ ಮೇಲೆ ನಡುವಿಗೆ ಜೋಡಿಸಿದೆ. ಸರಿಯಾಗಿ ಕೂರಲಿಲ್ಲ. ಸಂದು ಕಾಣದಂತೆ ಟೇಪನ್ನು ಎರಡು ಸುತ್ತು ಸುತ್ತಿದೆ.

"ಮೂರೂ ಸಿಕ್ಕಿದ್ವಾ?" ಎಂದಳು ಅಮ್ಮ, ಜಿಪ್ಪು ಹೊಲಿಯುತ್ತಲೇ.

"ಊಂ."

ಅಮ್ಮ ಕಾಗದವನ್ನು ಒಂದು ನೋಟ ನೋಡಿ ತಲೆಯಾಡಿಸಿದಳು. ಅಪ್ಪ ಹೊಸ ಸೂಜಿ ಹಾಕಿಕೊಂಡ. ನಾನು ಓಡಿದೆ. ದೊಡ್ಡವ್ವನ ಪಡಸಾಲೆಯಲ್ಲಿ ಕೂತು ಕಣ್ಣು ಮೂಗಿನಲ್ಲಿ ನೀರು ಸುರಿಸಿಕೊಂಡು ಮೂರು ಬಜ್ಜಿ ತಿಂದೆ. ಮೊನೆಯ ಯೋಚನೆ ನನಗೆ ಬರಲೇ ಇಲ್ಲವೆಂದರೆ ಸುಳ್ಳಾಗುತ್ತದೆ. ಬಂತು. ಯಾವುದೋ ಪ್ಯಾಂಟಿನಲ್ಲಿ ಸೇರಿಕೊಂಡಿರಬೇಕು, ಯಾವುದೋ ಊರಿನ ಯಾರಿಗೋ ಚುಚ್ಚುತ್ತದೆ ಎಂದುಕೊಂಡೆ. ಆ ಯಾರೋ ನನಗೆ ಏನೂ ಆಗಬೇಕಾಗಿರಲಿಲ್ಲ.

ಲಚ್ಚಿ ಆಗ ಅಂಬೆಗಾಲಿಡುತ್ತಿದ್ದಳು. ಮನೆ ತುಂಬ ಒರೆಸಿಕೊಂಡು ಓಡಾಡುತ್ತಿದ್ದ ಕೂಸು ಹಬ್ಬ ಕಳೆದ ಒಂದು ವಾರಕ್ಕೆ ಕೂತಲ್ಲೇ ಕೂರತೊಡಗಿತು. ಬಲಗಾಲು ಮುಟ್ಟಿದರೆ ಚೀರುತ್ತಿತ್ತು. ಬಿದ್ದು ಉಳುಕಿರಬೇಕೆಂದು ಅಮ್ಮ ದಿನಾ ಎಣ್ಣೆ ಹಚ್ಚಿ ಕಾಲು ನೀವಿ, ಬಿಸಿನೀರು ಹುಯ್ದು, ಮೊಣಕಾಲನ್ನು ಮಡಿಸಿ ಬಿಡಿಸಿ ಮಾಡಿದಳು. ಕೂಸು ಉಸಿರು ಕಟ್ಟಿ ನೀಲಿಯಾಗುವವರೆಗೆ ಅಳುತ್ತಿತ್ತು. ಅಮ್ಮನೂ ಅಳುತ್ತಲೇ ನೀವುತ್ತಿದ್ದಳು. ಒಂದು ಶನಿವಾರ ನೇಮಕಲ್ಲಿಗೆ ಹೋಗಿ ಆಂಜನೇಯನ ಮುಂದೆ ಮಲಗಿಸಿ ತಾಯಿತ ಕಟ್ಟಿಸಿಕೊಂಡು ಬಂದೆವು. ಅಲ್ಲಿಂದ ಬರುವಾಗ ಮೈ ಕೆಂಡದಂತೆ ಸುಡುತ್ತಿತ್ತು. ಮೊಣಕಾಲು ತೆಂಗಿನಕಾಯಿಯ ಹಾಗೆ ಊದಿ ಹೊಳೆಯುತ್ತಿತ್ತು. ಊರಿನಲ್ಲಿ ಕೊಟ್ಟ ಸೂಜಿಮದ್ದು ನಾಟದೆ ಹೋದಮೇಲೆ ಅಪ್ಪ ಮಿಷನ್ ನಿಲ್ಲಿಸಿ ಎಲ್ಲರನ್ನೂ ಬಳ್ಳಾರಿಗೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದರು. ಪುಟ್ಟ ಎಲುಬುಗಳ ನಡುವೆ ಒಂದು ಬಿಳಿ ಗೀರು.

"ಮನ್ಯಾಗ ಹೊಲಿಗಿ ಮಿಷನ್ ಐತೇನ್ರಿ?"

"ಐತೆ ಸ್ವಾಮಿ," ಎಂದ ಅಪ್ಪ.

"ಸೂಜಿ ತುಂಡು ಹೊಕ್ಕೈತಿ ನೋಡ್ರಿ, ಕೀಲಿನ ಸಂದ್ಯಾಗ. ಭಾಳ ದಿನ ಆಗೇತಿ, ಕೀವು ತುಂಬೇತಿ. ಕಾಲು ತಿಕ್ಕಿದವ್ರು ಯಾರ್ರೀ? ತಿಕ್ಕಿ ತಿಕ್ಕಿ ಒಳಗ ಕಳಿಸೀರಿ."

ನಾನು ಗೋಡೆಗೆ ಒರಗಿ ನಿಂತಿದ್ದೆ. ಆ ಬಿಳಿ ಗೀರನ್ನು ನೋಡಿದ ಕೂಡಲೇ ಅದು ಯಾವುದೆಂದು ನನಗೆ ಗೊತ್ತಾಯಿತು. ಉಚ್ಚೆ ಬಂತೆಂದು ಹೇಳಿ ಹೊರಗೆ ಹೋಗಿ ಆಸ್ಪತ್ರೆಯ ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡೆ. ಬಸ್ಸಿನ ಹೊಗೆ ತಲೆಗೇರಿದೆ ಎಂದುಕೊಂಡು ಯಾರೋ ಹೆಂಗಸು ನಿಂಬೆಹಣ್ಣು ಮೂಸಿಸಿದಳು.

ಆಪರೇಷನ್ ಮಾಡಿ ಕೀವು ತೆಗೆದರು, ಸೂಜಿ ತೆಗೆದರು. ಕೂಸು ಬದುಕಿತು. ಮೊಣಕಾಲು ಮಾತ್ರ ಇನ್ನು ಸರಿಯಾಗಿ ಮಡಿಚುವುದು ಕಷ್ಟ, ಕೀಲು ಕೆಟ್ಟಿದೆ ಎಂದರು. ತೆಗೆದ ತುಂಡನ್ನು ಹತ್ತಿಯಲ್ಲಿ ಸುತ್ತಿ ಅಪ್ಪನ ಕೈಗೆ ಕೊಟ್ಟರು. ಅಪ್ಪ ಹತ್ತಿ ಬಿಡಿಸಿ ನೋಡಿದ, ಮತ್ತೆ ಮಡಿಚಿದ, ಆಸ್ಪತ್ರೆಯ ಮುಂದಿನ ಮೋರಿಗೆ ಎಸೆದುಬಂದ. ಎಂಥ ಸೂಜಿ ಎಂದು ಅಮ್ಮ ಕೇಳಿದ್ದಕ್ಕೆ, ಎಂಥದ್ದೋ, ತುಕ್ಕು ಹಿಡಿದಿತ್ತು ಎಂದಷ್ಟೇ ಹೇಳಿದ.

ಊರಿಗೆ ಮರಳಿದ ದಿನ ಬೀದಿಯವರೆಲ್ಲ ಕೂಸನ್ನು ನೋಡಲು ಬಂದರು. ದೊಡ್ಡವ್ವ ಎಲ್ಲರಿಗಿಂತ ಮೊದಲು ಬಂದು ಬಾಗಿಲಲ್ಲಿ ನಿಂತಿದ್ದಳು. ಅಮ್ಮ ಆ ಹದಿನೈದು ದಿನ ಆಸ್ಪತ್ರೆಯ ನೆಲದ ಮೇಲೆ ಕೂತು ಏನೇನು ಯೋಚಿಸಿದ್ದಳೋ, ಈಗ ಅನ್ನಿಸುತ್ತದೆ, ಕಾಲು ತಿಕ್ಕಿದ ತನ್ನ ಕೈಗಳನ್ನು ನೋಡಿ ನೋಡಿ ತಡೆಯಲಾರದೆ ಬೇರೆ ಕೈಯೊಂದನ್ನು ಹುಡುಕುತ್ತಿದ್ದಳು. ಆ ಹೊತ್ತಿಗೆ ನನಗೆ ಅಷ್ಟೆಲ್ಲ ತಿಳಿಯುತ್ತಿರಲಿಲ್ಲ. ಅವಳು ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು.

"ನಮ್ಮನೇಲಿ ಸೂಜಿ ಮುರುದ್ರೆ ಮೂರು ತುಂಡೂ ಎಣಿಸಿ ಕಟ್ಟಿಕ್ತೀವಿ. ಬೇಕಾರೆ ನಮ್ ಮಂಜೀನ ಕೇಳಿ. ನೀವು ಎಣುಸ್ತೀರಾ ಅಕ್ಕಾ? ಒಂದ್ ದಿನಾನಾ ಎಣಿಸಿದೀರಾ? ಕೂಸು ದಿನಾ ನಿಮ್ ಪಡಸಾಲೇಲೇ ಆಡ್ತಿತ್ತು."

ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಂದು ಕದ್ದವಳು ಅಮ್ಮನ ಸೆರಗಿನ ಹಿಂದೆ ಕೈಕಟ್ಟಿ ನಿಂತಿದ್ದಳು, ಹೆಗಲು ಮುಟ್ಟಿಕೊಂಡವಳು ಬೇರೆಯವಳು. ದೊಡ್ಡವ್ವ ವಾದ ಮಾಡಬಹುದಿತ್ತು. ಮೂರು ಮಿಷನ್ ಇಟ್ಟುಕೊಂಡವರು ಒಂದು ಮಿಷನ್‌ನವಳ ಮೇಲೆ ಹೇಳುತ್ತೀರಾ ಎಂದು ಕೇಳಬಹುದಿತ್ತು. ಆದರೆ ಆಕೆಗೆ ತಾನು ಖಚಿತವಾಗಿ ತಿಳಿಯದ್ದನ್ನು ಇಲ್ಲ ಎನ್ನಲು ಬರುತ್ತಿರಲಿಲ್ಲ.

"ಇಲ್ಲವ್ವ, ಎಣಿಸಿಲ್ಲ. ಮುರಿದರ ಹೊರಗ ಒಗೀತಿದ್ದೆ. ಒಂದ್ ತುಂಡು ಬಿದ್ದು ಉಳಿದಿರಬೋದು. ನಂದ ಇರಬೇಕು, ರತ್ನಾ."

ಅಷ್ಟು ಹೇಳಿ ತನ್ನ ಮನೆಯೊಳಗೆ ಹೋಗಿ ಮಿಷನ್ನಿಗೆ ಟವೆಲ್ಲು ಹೊದಿಸಿದಳು. ಮರುದಿನದಿಂದ ಅದು ತುಳಿಯುವ ಸದ್ದು ಕೇಳಲಿಲ್ಲ. ಅವಳು ನಿಲ್ಲಿಸದಿದ್ದರೂ ನಿಲ್ಲುತ್ತಿತ್ತೇನೋ. ಬೀದಿಯ ಹೆಂಗಸರು ಯಾರೂ ಕೂಡಿ ನಿರ್ಧಾರ ಮಾಡಲಿಲ್ಲ, ಜಗಳ ಮಾಡಲಿಲ್ಲ, ಕುಬುಸದ ಬಟ್ಟೆಯನ್ನು ಮಾತ್ರ ಬೇರೆ ಕಡೆ ಒಯ್ದರು. ಮಕ್ಕಳನ್ನು ಅವಳ ಪಡಸಾಲೆಗೆ ಬಿಡಲಿಲ್ಲ. ಒಗ್ಗರಣಿಯ ವಾಸನೆ ಮತ್ತೆ ಬರಲಿಲ್ಲ. ಯುಗಾದಿ ಮುಗಿದ ಮೇಲೆ ಮಿಷನ್ನನ್ನು ಕಣೇಕಲ್ಲಿನ ತನ್ನ ತಂಗಿಯ ಮಗಳಿಗೆ ಕೊಟ್ಟು, ಅಲ್ಲೇ ಭತ್ತದ ನಾಟಿಗೆ ಕೂಲಿ ಹೋಗುತ್ತಾಳಂತೆ ಎಂದು ನೀರಿನ ನಲ್ಲಿಯ ಹತ್ತಿರ ಮಾತಾಯಿತು. ಆ ವಯಸ್ಸಿನಲ್ಲಿ, ಎಂದೂ ಗದ್ದೆಗೆ ಇಳಿಯದ ಕಾಲಲ್ಲಿ. ಎಲ್ಲ ನನ್ನ ಒಂದು ಮಾತಿನ ಮೇಲೆ ನಿಂತಿತ್ತು. ನಾನು ಹೇಳಿದರೆ ಟವೆಲ್ಲು ತೆಗೆಯಬಹುದು, ಹೇಳದಿದ್ದರೆ ಇಲ್ಲ. ಇಷ್ಟು ಲೆಕ್ಕ ಹತ್ತು ವರ್ಷದವಳಿಗೂ ಬರುತ್ತಿತ್ತು.

ಹೇಳಬೇಕೆಂದು ದಿನಾ ಹೊರಡುತ್ತಿದ್ದೆ. ಶಾಲೆಗೆ ಹೋಗುವಾಗ ಸಂಜೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ, ಸಂಜೆ ಬಂದು ಅಮ್ಮನ ಮುಖ ನೋಡಿ ನಾಳೆ ಎಂದುಕೊಳ್ಳುತ್ತಿದ್ದೆ. ಅಮ್ಮ ನನ್ನ ಮೇಲೆ ಹಿಂದೆಂದೂ ಇಲ್ಲದ ಅಕ್ಕರೆ ತೋರುತ್ತಿದ್ದಳು. ಬಂದವರಿಗೆಲ್ಲ ನನ್ನನ್ನು ತೋರಿಸಿ, ಇಂಥ ಮಗಳಿದ್ದರೂ ಪಕ್ಕದ ಮನೆಯವರಿಂದ ಹೀಗಾಯಿತಲ್ಲ ಎನ್ನುತ್ತಿದ್ದಳು. ನಾನು ಲಚ್ಚಿಯನ್ನು ಸೊಂಟದಿಂದ ಇಳಿಸುತ್ತಲೇ ಇರಲಿಲ್ಲ. ಅವಳ ಕಾಲು ಕೋಲಿನ ಹಾಗೆ ನನ್ನ ಹೊಟ್ಟೆಗೆ ಒತ್ತುತ್ತಿತ್ತು. ಅದನ್ನೂ ಅಮ್ಮ ಹೊಗಳುತ್ತಿದ್ದಳು. ಹೊಗಳಿಕೆಯಿಂದ ಮೈ ಪರಚಿಕೊಳ್ಳುವಂತೆ ಆಗುತ್ತದೆ ಎಂದು ನನಗೆ ತಿಳಿದದ್ದು ಆ ನಾಲ್ಕು ತಿಂಗಳಲ್ಲಿ. ಆಮೇಲಿನ ಬದುಕಿನಲ್ಲಿ ಯಾರು ನನ್ನನ್ನು ಮೆಚ್ಚಿ ಮಾತಾಡಿದರೂ ಎದ್ದು ಹೋಗಿಬಿಡುವ ಚಾಳಿ ಅಲ್ಲಿಂದಲೇ ಬಂದದ್ದು. ಜನ ಅದನ್ನು ವಿನಯ ಎಂದುಕೊಂಡಿದ್ದಾರೆ.

ಯುಗಾದಿಯ ಅಮಾವಾಸ್ಯೆ ಬಂತು. ಬೀದಿಯ ಮಿಷನ್‌ಗಳು ನಿಂತವು. ಅಪ್ಪ ನಮ್ಮ ಮೂರು ಮಿಷನ್‌ಗಳಿಗೂ ಎಣ್ಣೆ ಬಿಟ್ಟು ಒರೆಸಿ, ಕುಂಕುಮ ಇಟ್ಟ. ಬಂಡಲ್‌ಗಳಿಲ್ಲದ ಕೋಣೆ ಬೇರೆ ಯಾರದೋ ಮನೆಯ ಹಾಗೆ ದೊಡ್ಡದಾಗಿ ಕಾಣುತ್ತಿತ್ತು. ಮಧ್ಯಾಹ್ನ ಅಮ್ಮ ನಾಲ್ಕು ತಟ್ಟೆ ಇಟ್ಟಳು. ಲಚ್ಚಿಗೆ ಹುಣಸೆಹಣ್ಣಿನಷ್ಟು ಪುಟ್ಟ ಮುದ್ದೆ. ಅವಳು ಕಾಲು ಚಾಚಿಕೊಂಡೇ ಕೂತಿದ್ದಳು, ತಟ್ಟೆ ಅವಳ ಪಕ್ಕಕ್ಕೆ ಬಂತು. ಅಮ್ಮ ಕಣ್ಣು ಮುಚ್ಚಿ ಮೊದಲು ನೇಮಕಲ್ಲಿನ ಆಂಜನೇಯನನ್ನು ನೆನೆದಳು. ಆಮೇಲೆ ಬಳ್ಳಾರಿಯ ಡಾಕ್ಟರು. ಆಮೇಲೆ ಕೂಸು ಮಡಿಲಲ್ಲಿದೆಯೆಂದು ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟ ಒಬ್ಬ ಮುದುಕಪ್ಪ. ಕಣ್ಣು ತೆರೆದು ನನ್ನ ತಲೆಯ ಮೇಲೆ ಕೈ ಇಟ್ಟಳು.

"ಎಲ್ಲಾರ್ಗಿಂತ ನಮ್ ಮಂಜಿ. ಈ ವರ್ಷ ಇವಳಿಲ್ದಿದ್ರೆ ನಾನು ಎಲ್ಲಾರ ಬಿದ್ದು ಸಾಯ್ತಿದ್ದೆ."

ಅಪ್ಪ ತನ್ನ ಸರದಿಗೆ ನನ್ನ ಕಡೆ ಕೈ ತೋರಿಸಿದ. ಗೋಡೆಯಾಚೆ ಪಾತ್ರೆ ಇಟ್ಟ ಸದ್ದಾಯಿತು. ದೊಡ್ಡವ್ವ ಒಬ್ಬಳೇ ಉಣ್ಣುತ್ತಿದ್ದಳೇನೋ. ನನಗೆ ಧೈರ್ಯ ಬಂತೆಂದು ಹೇಳಲಾರೆ. ತಲೆಯ ಮೇಲಿನ ಆ ಕೈಯ ಭಾರ ತಡೆಯಲಾಗಲಿಲ್ಲ, ಅಷ್ಟೆ.

"ಗೌರಮ್ಮ ದೊಡ್ಡವ್ವ," ಎಂದೆ.

"ಏನಂದೆ?"

"ಸೂಜಿ ದೊಡ್ಡವ್ವಂದಲ್ಲಮ್ಮ. ನಮ್ದು. ದೀಪಾವಳಿ ಮುಂಚೆ ಅಪ್ಪನ ಮಿಷನ್ನಾಗೆ ಮುರೀತಲ್ಲ, ಅದರ ಮೊನೆ ಸಿಕ್ಕಿರ್ಲಿಲ್ಲ. ನಾನು ಬ್ಯಾರೆ ಮೊನೆ ಇಕ್ಕಿ ಕಟ್ಟಿದ್ದೆ."

ಅಮ್ಮನ ಕೈ ನನ್ನ ತಲೆಯ ಮೇಲೇ ಇತ್ತು. ತೆಗೆಯುವುದು ಮರೆತಂತೆ. ಅವಳು ಅಪ್ಪನ ಕಡೆ ತಿರುಗಿದಳು, ಇದು ಸುಳ್ಳು ಎಂದು ಅವನು ಹೇಳಲಿ ಎಂಬಂತೆ.

"ಇವ್ಳು ಏನೋ ಅಂತಾವ್ಳೆ ನೋಡು. ಹುಡುಗಿ ಹೆದ್ರಿಕಂಡು ಏನೇನೋ ಅಂತಾವ್ಳೆ."

ಅಪ್ಪ ತಟ್ಟೆಯಿಂದ ಕಣ್ಣೆತ್ತಲಿಲ್ಲ.

"ಅದು ಇಪ್ಪತ್ತೊಂದನೇ ನಂಬರಿನ ಸೂಜಿ, ಜೀನ್ಸಿಗೆ ಹಾಕೋದು. ಕುಬುಸ ಹೊಲಿಯೋಕೆ ಅಷ್ಟು ದಪ್ಪಂದು ಯಾರೂ ಹಾಕಲ್ಲ. ನಮ್ದೇ."

"ನಿಂಗೆ ಯಾವಾಗ ಗೊತ್ತಾಯ್ತು?"

"ಬಳ್ಳಾರಿನಾಗೇ. ಹತ್ತಿ ಬಿಚ್ಚಿದ ಕೂಡ್ಲೆ."

"ನಾನು ಬೀದೀಲಿ ನಿಂತು ಅಷ್ಟು ಮಾತಾಡುವಾಗ ನೀನು ಒಳಗೆ ಕುಂತು ಕೇಳ್ತಿದ್ದೆ."

"ಯಾರ ಮ್ಯಾಲೆ ಹೇಳ್ಲಿ ರತ್ನ? ಹತ್ತು ವರ್ಷದ ಮಗೀನ ಮ್ಯಾಲೆ ಹೇಳ್ಲಾ? ನಾಳೆ ಮದುವೆ ಆಗೋ ಹುಡುಗಿ, ತಂಗೀನ ಕುಂಟಿ ಮಾಡ್ದೋಳು ಅಂತ ಊರೆಲ್ಲ ಅಂತಿತ್ತು. ಗೌರಮ್ಮಕ್ಕ ತಾನೇ ಒಪ್ಕಂಡ್ಲು. ಸುಮ್ನಾದೆ."

ಅಪ್ಪನಿಗೆ ನನ್ನ ಸುಳ್ಳು ಅಂದಿನಿಂದಲೂ ಗೊತ್ತಿತ್ತು ಎಂಬುದು ನನಗೆ ಅದೇ ಮೊದಲು ತಿಳಿದದ್ದು. ನಾಲ್ಕು ತಿಂಗಳು ನಾವಿಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಮಾತನ್ನು ನುಂಗಿಕೊಂಡು, ಒಬ್ಬರಿಗೊಬ್ಬರು ತಿಳಿಯದಂತೆ ಬದುಕಿದ್ದೆವು. ನನ್ನನ್ನು ಉಳಿಸಲು ಅವನು ಮಾಡಿದ್ದಕ್ಕೆ ನಾನು ಅಂದೇ ಕೃತಜ್ಞಳಾಗಬೇಕಿತ್ತೇನೋ. ಆಗಲಿಲ್ಲ. ಸಿಟ್ಟು ಬಂತು. ಅಮ್ಮ ನನ್ನನ್ನು ಹೊಡೆಯುತ್ತಾಳೆಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಎದ್ದು, ಮುದ್ದೆ ಮುಟ್ಟದ ಕೈಯನ್ನು ತೊಳೆದುಕೊಂಡು, ಲಚ್ಚಿಯನ್ನು ಎತ್ತಿ ತೊಟ್ಟಿಲಿಗೆ ಹಾಕಿ, ತೂಗುತ್ತ ನಿಂತಳು. ಮಿಷನ್ ಸದ್ದಿಲ್ಲದೆ ಕೂಸು ಮಲಗಲೊಲ್ಲದು. ಅಪ್ಪ ಹೋಗಿ ಓವರ್‌ಲಾಕಿನ ಪೆಡಲನ್ನು ಬರಿದೇ ತುಳಿದ. ಅಮಾವಾಸ್ಯೆಯ ದಿನ ಆ ಬೀದಿಯಲ್ಲಿ ಓಡಿದ ಮಿಷನ್ ಅದೊಂದೇ.

ಯುಗಾದಿಯ ಬೆಳಿಗ್ಗೆ ಅಮ್ಮ ನಮಗೆ ಎಣ್ಣೆ ಹಚ್ಚಿ ಎರೆದು, ಹೊಸ ಬಟ್ಟೆ ಹಾಕಿದಳು. ಬಟ್ಟಲಿಗೆ ಬೇವುಬೆಲ್ಲ ಹಾಕಿಕೊಂಡು, ನನ್ನ ಕೈ ಹಿಡಿದು ಹೊರಗೆ ಹೊರಟಳು. ನೆನೆದವರ ಮನೆಗೆ ಹೋಗಲೇಬೇಕು; ನಾನು ನೆನೆದಿದ್ದೆನಲ್ಲ. ನನಗೆ ಎದೆ ಹಗುರವಾಯಿತು. ಅಮ್ಮ ಹೇಳುತ್ತಾಳೆ, ಇವತ್ತಿಗೆ ಮುಗಿಯುತ್ತದೆ, ದೊಡ್ಡವ್ವ ನನ್ನ ಕೆನ್ನೆಗೆ ಒಂದು ಬಿಟ್ಟರೂ ಬಿಡಲಿ ಎಂದುಕೊಂಡು ಅವಳ ಜೊತೆ ಹತ್ತು ಹೆಜ್ಜೆ ನಡೆದೆ. ದೊಡ್ಡವ್ವನ ಬಾಗಿಲಿಗೆ ಮಾವಿನ ಎಲೆ ಕಟ್ಟಿರಲಿಲ್ಲ. ಪಡಸಾಲೆಯಲ್ಲಿ ಮಿಷನ್ನನ್ನು ಗೋಣಿಯಲ್ಲಿ ಸುತ್ತಿ ಹಗ್ಗ ಬಿಗಿದಿಟ್ಟಿದ್ದಳು. ನಮ್ಮನ್ನು ನೋಡಿ ಅವಸರವಾಗಿ ಎದ್ದಳು, ಚಾಪೆ ಹುಡುಕಿದಳು.

"ಬಾ ರತ್ನಾ, ಬಾರವ್ವ. ಕುಂದ್ರು ಬಾ. ನಮ್ಮನಿಗೆ ಬರ್ತಿ ಅಂತ ಅನ್ಕೊಂಡಿದ್ದಿಲ್ಲ."

ಎದುರು ಮನೆಯ ಮೆಟ್ಟಿಲ ಮೇಲೆ ಇಬ್ಬರು ಹೆಂಗಸರು ನಿಂತು ನೋಡುತ್ತಿದ್ದರು. ಅಮ್ಮ ಅವರನ್ನು ಒಮ್ಮೆ ನೋಡಿದಳು. ಹಗ್ಗ ಬಿಗಿದ ಮಿಷನ್ನನ್ನು ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಬಟ್ಟಲನ್ನು ಮುಂದೆ ನೀಡಿದಳು.

"ಹೋದ್ ವರ್ಷದ್ದು ಹೋದ್ ವರ್ಷಕ್ಕೇ ಹೋಗ್ಲಿ ಅಕ್ಕಾ. ಏನೋ ಆಗೋಯ್ತು. ನಾವೇನೂ ಮನಸ್ನಾಗೆ ಇಕ್ಕಂಡಿಲ್ಲ."

ದೊಡ್ಡವ್ವ ಬಟ್ಟಲು ತೆಗೆದುಕೊಳ್ಳಲಿಲ್ಲ. ಎರಡೂ ಕೈ ಮುಗಿದಳು. ಅಷ್ಟಕ್ಕೇ ನಿಲ್ಲದೆ, ತನಗಿಂತ ಇಪ್ಪತ್ತೈದು ವರ್ಷ ಚಿಕ್ಕವಳಾದ ಅಮ್ಮನ ಪಾದದ ಕಡೆ ಬಗ್ಗಿದಳು. ಅಮ್ಮ ಹಿಂದೆ ಸರಿಯುವಷ್ಟರಲ್ಲಿ ಮುಟ್ಟಿಯೇಬಿಟ್ಟಳು.

"ಭಾಳ ದೊಡ್ಡ ಮನಸ್ಸವ್ವ ನಿಂದು. ಈ ಉಪಕಾರ ನಾ ಸಾಯೋತನ ಮರೆಯಂಗಿಲ್ಲ."

ಆಮೇಲೆ ನನ್ನ ಗಲ್ಲ ಹಿಡಿದಳು. ಅವಳ ಬೆರಳುಗಳಿಗೆ ನಮ್ಮ ಹಾಗೆ ನೀಲಿ ಇರಲಿಲ್ಲ.

"ಇಕಿನ್ನ ನೋಡು. ಈ ಕೂಸಿಗೆ ಇರೋ ಬುದ್ಧಿ ನನಗ ಇರಲಿಲ್ಲ. ಇಕಿ ಹಂಗ ನಾನೂ ಎಣಿಸಿಟ್ಟಿದ್ದರ ತಂಗಿ ಕಾಲು ಉಳೀತಿತ್ತು."

ಎರಡು ದಿನ ಬಿಟ್ಟು ಕಣೇಕಲ್ಲಿನ ಆಟೋ ಬಂದು ಮಿಷನ್ನನ್ನೂ ಅವಳನ್ನೂ ಒಯ್ದಿತು. ನಮ್ಮ ಮನೆಯಲ್ಲಿ ಆಮೇಲೆ ಯಾವ ಅಮಾವಾಸ್ಯೆಗೂ ಯಾರೂ ಯಾರನ್ನೂ ನೆನೆಯಲಿಲ್ಲ. ಮುದ್ದೆ ಇಟ್ಟ ಕೂಡಲೇ ಉಂಡೆವು. ಲಚ್ಚಿ ಬೆಳೆದಳು, ಒಂದು ಕಾಲನ್ನು ಎಳೆದುಕೊಂಡೇ ಓದಿದಳು, ಮದುವೆಯಾದಳು. ಇವತ್ತಿಗೂ ಯಾರಾದರೂ ಕಾಲಿಗೇನಾಯಿತು ಎಂದು ಕೇಳಿದರೆ, ಚಿಕ್ಕಂದಿನಲ್ಲಿ ಪಕ್ಕದ ಮನೆಯವರ ಸೂಜಿ ಹೊಕ್ಕಿತ್ತು, ಪಾಪ ಅವರೂ ಬೇಕೆಂದು ಮಾಡಿದ್ದಲ್ಲ ಎನ್ನುತ್ತಾಳೆ. ನಾನು ಎಷ್ಟೋ ಸಲ ಅವಳ ಪಕ್ಕದಲ್ಲೇ ಕೂತಿರುತ್ತೇನೆ. ಆ ಬೆಳಿಗ್ಗೆ ದೊಡ್ಡವ್ವನ ಪಡಸಾಲೆಯಲ್ಲಿ ಅಮ್ಮ ನನ್ನ ಕೈಯನ್ನು ನೋಯುವಷ್ಟು ಅದುಮಿ ಹಿಡಿದಿದ್ದಳು, ಅದಕ್ಕೇ ನನಗೆ ಏನೂ ಹೇಳಲಾಗಲಿಲ್ಲ ಎಂದು ಬಹಳ ವರ್ಷ ನಂಬಿಕೊಂಡು ಬಂದೆ. ಅಮ್ಮ ಹಿಡಿದದ್ದು ನನ್ನ ಕೈಯನ್ನು. ಬಾಯನ್ನಲ್ಲ.